ಅಂಗೈಗೆ ಹೇಳದೆ ಒಡೆದದ್ದು

ಎಷ್ಟು ತೊಳೆದರೂ ನಮ್ಮ ಸರ್ ಅವರ ಬಲ ಅಂಗೈಯ ಗೆರೆಗಳಲ್ಲಿ ಬಿಳಿ ಪುಡಿ ಉಳಿದೇ ಇರುತ್ತಿತ್ತು. ಧೂಳಿಗಿಂತಲೂ ಎಷ್ಟೋ ಸಣ್ಣದಾದ ಜೇಡಿಮಣ್ಣಿನ ನ್ಯಾನೊ ಪುಡಿ ಅದು. ರೋಣದ ಕಾಲೇಜಿನಲ್ಲಿ ನನಗೆ ರಸಾಯನಶಾಸ್ತ್ರ ಕಲಿಸಿದವರು. ನಿವೃತ್ತರಾದ ಮೇಲೆ ಗಜೇಂದ್ರಗಡದ ನಮ್ಮ ಓಣಿಗೆ ಬಂದು, ಹಿತ್ತಲ ತಗಡಿನ ಶೆಡ್ಡಿನಲ್ಲಿ ಪ್ಲಾಸ್ಟಿಕ್ಕಿಗೆ ಆ ಪುಡಿ ಬೆರೆಸುತ್ತ ಒಬ್ಬರೇ ಇದ್ದರು. ಜಕ್ಕಲಿಯ ಹೊಲದಲ್ಲಿ ಬೆಳೆಗೆ ಔಷಧ ಹೊಡೆಯುವಾಗ ಬೆನ್ನಮೇಲಿನ ಪ್ಲಾಸ್ಟಿಕ್ ಡಬ್ಬಿ ಸೀಳಿ, ಅವರಿಗಿದ್ದ ಒಬ್ಬನೇ ತಮ್ಮ ವಿಷದಲ್ಲಿ ತೊಯ್ದು ಸತ್ತಿದ್ದ. ಸೀಳದ ಡಬ್ಬಿ ಮಾಡಬೇಕೆಂಬುದೊಂದೇ ಅವರ ಹಟ.

"ಹಿಟ್ಟು ಚಲೋ ನಾದಲಿಲ್ಲಂದ್ರ ಗಂಟಿದ್ದಲ್ಲೇ ರೊಟ್ಟಿ ಹರೀತೈತಿ. ಇದೂ ಹಂಗ," ಎನ್ನುತ್ತಿದ್ದರು.

ಪಕ್ಕದ ಮನೆಯ ಕಾಕಿ ಗೋಡೆಯಾಚೆಯಿಂದ ಕಾಡಿಸುತ್ತಿದ್ದಳು: "ಮೊದ್ಲ ನಿಮ್ಮ ರೊಟ್ಟಿ ದುಂಡಗ ಬರ್ಲಿ ಸರ, ಆಮ್ಯಾಲ ಡಬ್ಬಿ ನೋಡೂಣಂತ!"

ಸರ್ ನಗುತ್ತಿದ್ದುದು ಬಹುಶಃ ಆಗ ಮಾತ್ರ.

ಡಬ್ಬಿಗೆ ನೀರು ತುಂಬಿ, ಒತ್ತಡ ಏರಿಸಿ, ಅದರ ಮೇಲೆ ಅಂಗೈ ಇಟ್ಟು ನಿಲ್ಲುವುದು ಅವರ ರೂಢಿ. ಸೀಳುವ ಮುಂಚೆ ಪ್ಲಾಸ್ಟಿಕ್ ಉಬ್ಬುತ್ತದೆ. "ಒಡೆಯೂಕಿಂತ ಮೊದ್ಲ ಕೈಗೆ ಹೇಳತೈತಿ."

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಹೊಸ ಡಬ್ಬಿ ಸಿದ್ಧವಾಯಿತು. ಪುಡಿ ಹೆಚ್ಚು ಹಾಕಿದ್ದರು, ಕಲ್ಲಿನಷ್ಟು ಬಿರುಸಾಗಿತ್ತು. ಆದರೆ ನಳಕ್ಕೆ ನೀರು ಬಂದಿರಲಿಲ್ಲ. ಡ್ರಮ್ಮಿನಲ್ಲಿ ಉಳಿದಿದ್ದುದನ್ನು ಬೆಳಿಗ್ಗೆಯೇ ಕಾಕಿಗೆ ಕೊಟ್ಟಿದ್ದರು.

"ಇವತ್ತೊಂದಿನ ಗಾಳೀನ ತುಂಬೂಣು. ನೀ ಬಾಗಲದಾಚಿ ನಿಂದ್ರು."

"ಹಂಗಾರ ನೀವೂ ಬರ್ರಿ ಸರ. ಡಬ್ಬಿ ಒಡೆದ್ರ ನೀರು ಬರೇ ಸೋರತೈತಿ, ಗಾಳಿ ಸಿಡೀತೈತಿ ಅಂತ ನೀವ ಕಲಿಸೀರಿ."

"ಕಲಿಸಿದಾಂವಗ ಕಲಿಸ್ತೀಯೇನ್ಲೇ? ನಡಿ ಹೊರಗ."

ಕದ ಎಳೆದುಕೊಂಡೆ. ಒಳಗೆ ಡಬ್ಬಿ ಸಿಡಿಯಿತು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಮುಗಿದಿಲ್ಲ. ಈಗಲೂ ಕುಕ್ಕರಿನ ಸೀಟಿ ಕೇಳಿದರೆ ಗೋಡೆಗೆ ಒರಗಿಬಿಡುತ್ತೇನೆ. ಕದದ ಹಲಗೆಯನ್ನು ತೂರಿ, ನನ್ನ ಮುಖದ ಎತ್ತರಕ್ಕೆ, ಡಬ್ಬಿಯ ಒಂದು ಚೂರಿನ ತುದಿ ಈಚೆ ಬಂದಿತ್ತು. ಇನ್ನೊಂದು ಚೂರು ಅವರ ಕುತ್ತಿಗೆಯಲ್ಲಿತ್ತು.

"ಹೇಳಲಿಲ್ಲೋ... ಕೈಗೆ ಹೇಳಲಿಲ್ಲ," ಎಂದರು. ದವಾಖಾನೆ ಮುಟ್ಟುವಷ್ಟು ಉಸಿರು ಉಳಿಯಲಿಲ್ಲ.

ಆಮೇಲೆ ಕದದಲ್ಲಿದ್ದ ಚೂರನ್ನು ಕಿತ್ತು ಬೆಳಕಿಗೆ ಹಿಡಿದೆ. ಪುಡಿ ಹರಡದೆ ಅಲ್ಲಲ್ಲಿ ಬಿಳಿ ಗಂಟುಗಟ್ಟಿತ್ತು. ಪ್ಲಾಸ್ಟಿಕ್ ಬಿರುಸಾಗಿತ್ತು ನಿಜ, ಆದರೆ ಬಾಗುವ ಗುಣ ಹೋಗಿತ್ತು. ಬಾಗದೆ ಅದು ಏನು ಹೇಳೀತು?

ಈಗ ಶೆಡ್ಡಿನ ಬೀಗದ ಕೈ ನನ್ನ ಹತ್ತಿರ ಇದೆ. ನಳಕ್ಕೆ ನೀರು ಬಂದರೆ ಕಾಕಿ ಮೊದಲ ಕೊಡ ಅವರ ಡ್ರಮ್ಮಿಗೆ ಸುರಿಯುತ್ತಾಳೆ, ತಮಾಷೆ ಮಾಡುವುದಿಲ್ಲ. ಆ ನೀರನ್ನೇ ನಾನು ಮಾಡಿದ ಡಬ್ಬಿಗೆ ತುಂಬಿ, ಪಂಪಿನ ಕೊಳವೆಯನ್ನು ಹೊರಗೆಳೆದುಕೊಂಡು ಬಂದು ಕದ ಹಾಕಿಕೊಳ್ಳುತ್ತೇನೆ. ಒಳಗೆ ಯಾರೂ ಇಲ್ಲವೆಂದು ಗೊತ್ತು. ಆದರೂ ಒತ್ತಡ ಏರಿಸುವ ಮುಂಚೆ ಒಮ್ಮೆ ಕರೆಯುತ್ತೇನೆ: "ನೀವೂ ಬರ್ರಿ ಸರ."