ಮದಾರಸಾಬರ ಪೇಟಿ, ಸಾಹೇಬರ ಪಿ.ಟಿ.

ಪೀರನವಾಡಿಯ ಮದಾರಸಾಬರು ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಇನ್ನೂ ಕಾಯಂ ಆಗದ ಪೇಟಿ ಮಾಸ್ತರರು. ಹಾರ್ಮೋನಿಯಂಗೆ ಈ ಕಡೆ ಪೇಟಿ ಅನ್ನುವುದು. ಸಂಗೀತ ಶಿಕ್ಷಕ ಎಂಬ ಉದ್ದನೆಯ ಹೆಸರು ಅವರು ಕೆಲಸಕ್ಕೆ ಬಂದ ದಿನ ಒಮ್ಮೆ ಕೇಳಿಸಿ, ಆಮೇಲೆ ಎಲ್ಲಿ ಹೋಯಿತೋ ದೇವರೇ ಬಲ್ಲ. ಯಾರಾದರೂ ದೊಡ್ಡವರು ಬಂದರೆ ಮಾತ್ರ ಶಾಲೆಗೆ ಅವರ ನೆನಪು. ಜೀಪಿನ ಧೂಳು ಕಂಡಿತೋ, ‘ಮದಾರಸಾಬರನ್ನ ಕರೀರಿ!’ ಸ್ವಾಗತಗೀತೆ ಮುಗಿಯಿತೋ, ಮದಾರಸಾಬರೂ ಮುಗಿದರು. ಹಾರ ಹಾಕಿದವರಿಗೆ ಚಹಾ, ಹಾಕಿಸಿಕೊಂಡವರಿಗೂ ಚಹಾ; ಹಾಡಿಸಿದವರಿಗೆ ಪೇಟಿಯನ್ನು ಹೊತ್ತು ಒಳಗಿಡುವ ಕೆಲಸ.

ಎಂಟನೇ ಇಯತ್ತೆಗೆ ಶನಿವಾರ ಒಂದು ತಾಸು ಸಂಗೀತವೆಂದು ಶಾಲೆಯ ಗೋಡೆಯ ಮೇಲೆ ಬರೆದಿತ್ತು, ಸುಳ್ಳೇಕೆ ಹೇಳಬೇಕು? ಆದರೆ ಶನಿವಾರ ಬಂತೆಂದರೆ ಗಣಿತದ ನಾಗಲಿಂಗ ಮಾಸ್ತರರು ಬಾಗಿಲಲ್ಲಿ ಹಾಜರು. “ಸಾಬ್ರ, ಪೋರ್ಷನ್ ಉಳದೈತ್ರಿ. ಇವತ್ತೊಂದಿನ ತಾಸು ಬಿಡ್ರಿ.” ಆ ‘ಇವತ್ತೊಂದಿನ’ ವರ್ಷಗಟ್ಟಲೆ ಮುಗಿಯಲೇ ಇಲ್ಲ. ಗಣಿತಕ್ಕೆ ಬೇಡವಾದ ದಿನ ವಿಜ್ಞಾನಕ್ಕೆ ಬೇಕು. ವಿಜ್ಞಾನಕ್ಕೂ ಬೇಡವಾದರೆ ಅಂಗಳದ ಕಲ್ಲು ಹೆಕ್ಕಿಸುವುದಿತ್ತು. ಆ ಶಾಲೆಯಲ್ಲಿ ಕಲ್ಲಿಗಿದ್ದ ಮರ್ಯಾದೆ ಸಪ್ತಸ್ವರಕ್ಕೆ ಇರಲಿಲ್ಲ ನೋಡಿ.

ಯಾವ ಮಾಸ್ತರರಾದರೂ ರಜೆ ಹಾಕಿದರೆ ಮಾತ್ರ ಮದಾರಸಾಬರಿಗೆ ಮಕ್ಕಳು ಸಿಗುತ್ತಿದ್ದರು. “ಗದ್ಲ ಮಾಡದಂಗ ನೋಡ್ಕೋರಿ” ಎಂಬ ಅಪ್ಪಣೆಯೂ ಜೊತೆಗೇ ಸಿಗುತ್ತಿತ್ತು. ಅವರು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಪೇಟಿ ಮುಟ್ಟದೆ, ಮೆಲ್ಲಗೆ ಸ್ವರ ಹೇಳಿಕೊಡುತ್ತಿದ್ದರು, ಬೆರಳಲ್ಲಿ ತೀನತಾಲ ಎಣಿಸುತ್ತಿದ್ದರು. ಒಂದು ಸ್ವರ ಏರಿದರೂ ಬಾಜೂ ಕೋಣೆಯಿಂದ ನಾಗಲಿಂಗ ಮಾಸ್ತರರು ಡಸ್ಟರಿನಿಂದ ಗೋಡೆ ಕುಟ್ಟುತ್ತಿದ್ದರು. ಹೀಗೆ ಮಕ್ಕಳು ಕಲಿತರು.

ಮನೆಯಲ್ಲಿ ಹೆಂಡತಿ ಜೈತುನಬೀ ಆಡುವ ಮಾತು ಉರ್ದು; ಬೈಯುವುದು ಮಾತ್ರ ಅಚ್ಚ ಕನ್ನಡದಲ್ಲಿ. “ಏನ್ರೀ, ನಿಮ್ಮ ತಾಸು ಅಂದ್ರ ಊರ ಬಾವಿ ಆತಲ್ಲ! ಯಾರು ಬೇಕಾದವ್ರು ಕೊಡ ಇಳಸ್ತಾರ. ಬಾಯಿ ಇಲ್ಲೇನು ನಿಮಗ?”

ಬಾಯಿ ಇದೆ ಎಂದು ತೋರಿಸಲು ಮದಾರಸಾಬರು ಆಡಳಿತ ಮಂಡಳಿಯ ಅಧ್ಯಕ್ಷ ಸಾತಪ್ಪನವರ ಹತ್ತಿರ ಹೋದರು. ಕೇಳಿದ್ದು ತಮ್ಮದೇ ಆ ಒಂದು ತಾಸು. ಸಾತಪ್ಪ ಮೀಸೆ ತಿರುವಿದರು. “ಬೆಳಗಾವಿಯಿಂದ ಶಿಕ್ಷಣ ಇಲಾಖೆ ಸಾಹೇಬ್ರನ್ನ ಕರಸ್ತೀನಿ. ಅವರು ನಿಮ್ಮ ಕೆಲಸ ನೋಡಿ ಹೂಂ ಅಂದ್ರ ಆ ತಾಸಿಗೆ ಯಾರೂ ಕೈ ಹಚ್ಚಂಗಿಲ್ಲ. ಅನ್ನಲಿಲ್ಲಂದ್ರ ಮುಂದ ಈ ಮಾತು ಎತ್ತಬ್ಯಾಡ್ರಿ.”

ಅಂದೇ ಸಾತಪ್ಪ ಫೋನು ಹಚ್ಚಿ, ಗರಗರ ಎನ್ನುವ ಲೈನಿನಲ್ಲಿ ಕೂಗಿದರು: “ನಮ್ಮ ಪೇಟಿ ಮಾಸ್ತರು ಭಾಳ ಚಲೋ ಅದಾರ್ರಿ, ಬಂದು ನೋಡ್ರಿ!” ಆ ಕಡೆ ಕೇಳಿಸಿದ್ದು ‘ಪೀಟಿ ಮಾಸ್ತರು.’ ಬೆಳಗಾವಿಯ ಸಾಹೇಬರು ಪಿ.ಟಿ. ನೋಡಲು ಹೊರಟರು.

ಬಂದವರು ಪೇಟಿ ಇಟ್ಟಿದ್ದ ಸಭಾಂಗಣದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ನೇರ ಮೈದಾನಕ್ಕೆ ನಡೆದು ಕುರ್ಚಿಯಲ್ಲಿ ಕೂತರು. “ಎಲ್ಲೈತ್ರಿ ಡ್ರಿಲ್? ಸುರು ಮಾಡ್ರಿ.”

ಸಾತಪ್ಪನವರ ಮುಖ ಬೆಳ್ಳಗಾಯಿತು. ಮದಾರಸಾಬರನ್ನು ಪಕ್ಕಕ್ಕೆ ಎಳೆದು ಒಂದು ಸೀಟಿ ಕೈಗಿಟ್ಟರು. “ಸಾಹೇಬ್ರ ಕಿವಿ ತಪ್ಪು ಕೇಳೇತಿ ಅನ್ನಾಕ ಬರ್ತೈತೇನ್ರಿ? ಸುಮ್ಮ ಸೀಟಿ ಹಾಕ್ಕೋರಿ ಕೊಳ್ಳಾಗ!”

ಡ್ರಿಲ್ಲು ಮದಾರಸಾಬರಿಗೆ ಏನು ಗೊತ್ತು, ಪಾಪ? ಗೊತ್ತಿದ್ದದ್ದು ಹದಿನಾರು ಮಾತ್ರೆಯ ತೀನತಾಲ. ಎಂಟನೇ ಇಯತ್ತೆಯನ್ನು ಸಾಲಾಗಿ ನಿಲ್ಲಿಸಿ, “ತಾಳದ ಬೋಲ್ ಹೇಳ್ಕೋತ ಕೈ ಎತ್ತಿ ಇಳಸ್ರಿ” ಅಂದರು. ಧಾ ಧಿಂ ಧಿಂ ಧಾ. ಅಬ್ಬಾ! ಒಂದು ಕೈಯೂ ಹಿಂದೆ ಬೀಳಲಿಲ್ಲ, ಒಂದು ಕಾಲೂ ಮುಂದೆ ಹೋಗಲಿಲ್ಲ.

ಸಾಹೇಬರು ಕುರ್ಚಿಯಿಂದ ಎದ್ದೇ ಬಿಟ್ಟರು. “ಇಂಥಾ ಪಿ.ಟಿ. ಮಾಸ್ತರನ್ನ ನಾ ಎಲ್ಲೂ ನೋಡಿಲ್ಲ! ಇವರ ನೌಕರಿ ಕಾಯಂ ಮಾಡಸೂದು ನನಗ ಬಿಡ್ರಿ.”

ಕಾಯಂ! ಮದಾರಸಾಬರು ಹಿಗ್ಗಿದರು. ಈ ಸುದ್ದಿ ಕೇಳಿದರೆ ಜೈತುನಬೀ ಇನ್ನು ಕನ್ನಡ ಮಾತಾಡುವ ಪ್ರಸಂಗವೇ ಬರುವುದಿಲ್ಲ. ಸುಮ್ಮನಿದ್ದರಾಯಿತು ಎಂದು ಸೀಟಿಯನ್ನು ನೆಟ್ಟಗೆ ಮಾಡಿಕೊಂಡರು.

ಅಷ್ಟರಲ್ಲಿ ಸಾಹೇಬರು ಮಕ್ಕಳ ಹತ್ತಿರ ಬಂದರು. “ಬಾಯಾಗ ಅದೇನ ಪಿಸಿಪಿಸಿ? ಮೈದಾನದಾಗ ನಿಂತು ಯಾಕ ಪಿಸುಗುಡತೀರಿ? ಜೋರ ಅನ್ರಿ!”

ಮುಂದಿನ ಸಾಲಿನ ಮನಿಷಾ ಇನ್ನೂ ಸಣ್ಣ ದನಿಯಲ್ಲಿ ಅಂದಳು: “ಜೋರ ಅಂದ್ರ ಬಾಜೂ ಕ್ಲಾಸಿಗೆ ತ್ರಾಸ ಆಕ್ಕೈತ್ರಿ, ಸರ.”

ಸುತ್ತ ಬಟಾಬಯಲು. ಕ್ಲಾಸೂ ಇಲ್ಲ, ಗೋಡೆಯೂ ಇಲ್ಲ. ದೂರದಲ್ಲಿ ಒಂದು ಎಮ್ಮೆ ಮೇಯುತ್ತಿತ್ತು. ಸಾತಪ್ಪ ಹೆ ಹೆ ಎಂದು ನಗಲು ನೋಡಿದರು, ಯಾರೂ ಜೊತೆಗೂಡಲಿಲ್ಲ.

ತಾವು ಸ್ವರ ಕಲಿಸಿದೆವು ಎಂದು ಮದಾರಸಾಬರು ಅಂದುಕೊಂಡಿದ್ದರು. ಮಕ್ಕಳು ಕಲಿತದ್ದು ಬಾಯಿ ಮುಚ್ಚುವುದನ್ನು. ಸೀಟಿ ಕಿತ್ತು ಸಾತಪ್ಪನವರ ಕೈಗಿಟ್ಟರು.

“ಸಾಹೇಬ್ರ, ನಾ ಪಿ.ಟಿ. ಮಾಸ್ತರ ಅಲ್ರಿ. ಪೇಟಿ ಮಾಸ್ತರ. ಹಾಡು ಕಲಸಾಂವ.”

ಸಾಹೇಬರ ಮುಖ ಗಂಟಾಯಿತು. “ಅಲ್ರೀ, ಪಿ.ಟಿ.ಗೆ ಕಾಯಂ ಜಾಗಾ ಐತಿ. ಪೇಟಿಗೆ ಎಲ್ಲೈತಿ? ನಿಮ್ಮ ಚಲೋಕ್ಕ ಹೇಳ್ತೀನಿ, ಸುಮ್ಮ ಇರ್ರಿ.”

“ಜಾಗಾ ಬ್ಯಾಡ್ರಿ. ವಾರಕ್ಕೊಂದು ತಾಸು ಕೊಡಸ್ರಿ. ಈ ಮಕ್ಕಳ ಬಾಯಿ ಬಿಡಸಬೇಕು ನಾ.”

ಸಾಹೇಬರು ಹೂಂ ಅನ್ನಲಿಲ್ಲ. ಗಡಿಯಾರ ನೋಡಿ, ಚಹಾ ಕುಡಿದು ಜೀಪು ಹತ್ತಿದರು. “ಬಾಯಾಗ ಬಂದ ತುತ್ತು ಉಗಳಿದ್ರಿ, ತಾಸೂ ಹೋತು. ಇನ್ನ ಆ ಮಾತು ಬಂದ್!” ಎಂದು ಸಾತಪ್ಪ ಸಿಡುಕಿ ಹೋದರು.

ಮದಾರಸಾಬರು ಬಯಲಲ್ಲಿ ಒಬ್ಬರೇ ನಿಂತಿದ್ದರು. ಸಾಹೇಬರಿಗಾಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ನಾಗಲಿಂಗ ಮಾಸ್ತರರು ಹತ್ತಿರ ಬಂದರು. ಮುಖ ಎತ್ತಿ ನೋಡುವ ಧೈರ್ಯ ಅವರಿಗಿರಲಿಲ್ಲ.

“ಸಾಬ್ರ, ತಾಸು ಕೊಡಾಕ ಅಧ್ಯಕ್ಷರು ಯಾಕ ಬೇಕ್ರಿ? ಒಯ್ಯಾಂವ ನಾನ ಇದ್ದೆ. ಶನಿವಾರ ನಾ ಬರಂಗಿಲ್ಲ.”

ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತರು.

“ಬಾಗಲಾ ಮಾತ್ರ ಹಾಕ್ಕೋಬ್ಯಾಡ್ರಿ. ನನ್ನ ಕ್ಲಾಸಿನವ್ರೂ ಕೇಳಲಿ.”