ಸಿಟ್ಟು ಬಿಟ್ಟ ಮಕ್‌ಸುನ್

ಕಡಲತೀರದ ಹೆಸಾನ್ ಊರಿನ ಶಾಲೆಗೆ ವರ್ಗವಾಗಿ ಬಂದ ಮರುದಿನವೇ ನಾನು ಪಕ್ಕದ ಮನೆಯ ಮಕ್‌ಸುನ್ ಬಾಯಿಗೆ ಬಿದ್ದೆ. ಹಡಗಿನಲ್ಲಿ ತೊಯ್ದಿದ್ದ ಹಾಸಿಗೆಯನ್ನು ನಮ್ಮಿಬ್ಬರ ನಡುವಿನ ಗೋಡೆಯ ಮೇಲೆ ಹರವಿದ್ದೆ. ಆಚೆಯಿಂದ ಒಂದು ತಲೆ ಎದ್ದಿತು.

"ಏನ್ರೀ ಮೇಷ್ಟ್ರೇ, ಮಕ್ಕಳಿಗೆ ಪಾಠ ಹೇಳೋಕೆ ಬಂದ್ರೋ, ನನ್ನ ಜಾಡಿಗಳಿಗೆ ಬಿಸಿಲು ತಪ್ಪಿಸೋಕೆ ಬಂದ್ರೋ?"

ಹಾಸಿಗೆ ತೆಗೆದೆ. ಸಂಜೆ ಅದೇ ತಲೆ ಮತ್ತೆ ಎದ್ದಿತು. ಈ ಸಲ ಕೈಯಲ್ಲಿ ಬಿಸಿ ಬಿಸಿ ಮೀನಿನ ಸಾರಿನ ಬಟ್ಟಲಿತ್ತು. "ತಗೊಳ್ಳಿ. ಬಯ್ಸಿಕೊಂಡವರಿಗೆ ಹಸಿವು ಜಾಸ್ತಿ."

ಆಕೆ ಬಯ್ಯದವರು ಊರಿನಲ್ಲಿ ಯಾರೂ ಇರಲಿಲ್ಲ. ಕೊಳೆತ ಬಂಗಡೆ ಕೊಟ್ಟ ಮೀನಿನವನನ್ನೂ, ತಡವಾಗಿ ಬಂದ ಬಸ್ಸಿನ ಚಾಲಕನನ್ನೂ, ಪಂಚಾಯಿತಿ ಮುಖ್ಯಸ್ಥನನ್ನೂ ಒಂದೇ ಸಮನಾಗಿ ಬಯ್ಯುತ್ತಿದ್ದಳು. ಬಯ್ಸಿಕೊಂಡವರು ನಗುತ್ತಾ ಹೋಗುತ್ತಿದ್ದರು.

ನಾನು ಬರುವ ಮುಂಚೆ ಒಮ್ಮೆ ಮಾತ್ರ ಆ ಬಾಯಿ ಮುಚ್ಚಿತ್ತು. ಗಂಡನ ದೋಣಿ ಹಿಂದಿರುಗದ ವರ್ಷ ಆಕೆ ಮಾತು ಬಿಟ್ಟಳು, ಬಾಗಿಲು ಹಾಕಿಕೊಂಡಳು, ಹತ್ತಿರ ಬಂದವರ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆದಳು. ಮಗ ಗಿಲ್‌ಸೊಪ್ ಆಗ ಇನ್ನೂ ಕಾಲೇಜಿನಲ್ಲಿದ್ದ. ಅಳುತ್ತಳುತ್ತಲೇ ತಾಯಿಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ. ಅಲ್ಲಿ ಆಕೆ ನಿಜವಾಗಿಯೂ ಗುಣವಾದಳು. "ಆ ಹುಡುಗ ಅವತ್ತು ಕರ್ಕೊಂಡು ಹೋಗದಿದ್ರೆ ನಾನೂ ಸಮುದ್ರಕ್ಕೇ ಹೋಗ್ತಿದ್ದೆ ಮೇಷ್ಟ್ರೇ" ಎಂದು ಆಕೆಯೇ ನನ್ನೊಡನೆ ಹೇಳಿದ್ದುಂಟು.

ಆಸ್ಪತ್ರೆಯಿಂದ ಬಂದ ಮೇಲೆ, ಅತ್ತೆ ಬಿಟ್ಟುಹೋಗಿದ್ದ ಜಾಂಗ್ ಕೆಲಸವನ್ನು ಹಿಡಿದಳು. ಸೋಯಾ ಕಾಳನ್ನು ಬೇಯಿಸಿ, ಉಂಡೆ ಕಟ್ಟಿ ಒಣಗಿಸಿ, ಹೊಸ ವರ್ಷದ ಮೊದಲ ತಿಂಗಳಲ್ಲಿ ಜಾಡಿಯ ಉಪ್ಪುನೀರಿಗೆ ಬಿಟ್ಟು, ವರ್ಷವಿಡೀ ಅಡುಗೆಗೆ ಬೇಕಾಗುವ ಹುದುಗು ರಸ ತೆಗೆಯುವ ಕೆಲಸ. ಊರಿನ ಬೇರೆಯವರು ಮಡಿಯನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಗಿತ್ತು. ಮಕ್‌ಸುನ್ ಮಾತ್ರ ಅತ್ತೆಯಂತೆಯೇ ನಡೆದಳು. ಹೊರಗಿನವರು ಬರಬಾರದೆಂದು ಬಾಗಿಲಿಗೆ ಎಡಕ್ಕೆ ಹೊಸೆದ ಹುಲ್ಲಿನ ಹಗ್ಗ ಕಟ್ಟುವಳು, ಅದಕ್ಕೆ ಇದ್ದಿಲು, ಕೆಂಪು ಮೆಣಸಿನಕಾಯಿ ಸಿಕ್ಕಿಸುವಳು. ಉಸಿರು ತಾಗಬಾರದೆಂದು ಬಾಯಿಗೆ ಕಾಗದ ಕಟ್ಟಿಕೊಳ್ಳುವಳು. ಆ ದಿನಗಳಲ್ಲಿ ಯಾರೊಡನೆಯೂ ಮಾತಿಲ್ಲ, ಫೋನೂ ಎತ್ತುವುದಿಲ್ಲ. ಸಾವಿನ ಮನೆಯಿಂದ ಬಂದವರನ್ನಂತೂ ಅಂಗಳಕ್ಕೆ ಕಾಲಿಡಗೊಡುತ್ತಿರಲಿಲ್ಲ; ಸೂತಕ ಕಳೆಯಲು ಅಂಥವರ ಮೇಲೆ ಉಪ್ಪು ಎರಚುವುದು ಹಳೆಯ ಪದ್ಧತಿ.

ಗಿಲ್‌ಸೊಪ್ ಅಷ್ಟರಲ್ಲಿ ಗ್ವಾಂಗ್‌ಜು ನಗರದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟು ಸಂಸಾರವಂದಿಗನಾಗಿದ್ದ. ನಾನು ನಿವೃತ್ತನಾಗಿ ಅಲ್ಲೇ ಉಳಿದ ವರ್ಷ, ಜಾಂಗ್ ಹಾಕುವ ದಿನಗಳಲ್ಲಿ ತಾಯಿ ಫೋನ್ ಎತ್ತದಿದ್ದಾಗ ಗಾಬರಿಯಾದ. ಗೆಳೆಯನ ತಂದೆಯ ಶವಸಂಸ್ಕಾರಕ್ಕೆ ಹೋಗಿದ್ದವನು ಅಲ್ಲಿಂದಲೇ, ಅದೇ ಕಪ್ಪು ಉಡುಪಿನಲ್ಲಿ, ಹೆಂಡತಿಯೊಡನೆ ಕಾರಿನಲ್ಲಿ ಬಂದ. ಹಗ್ಗ ದಾಟಿ ಒಳಗೆ ಹೋದ. ಬಾಯಿಗೆ ಕಾಗದ ಕಟ್ಟಿಕೊಂಡು, ಕೈಯೆಲ್ಲ ಮಸಿಯಾಗಿ ನಿಂತಿದ್ದ ತಾಯಿ ಕಪ್ಪು ಉಡುಪನ್ನು ಕಂಡು ಬೆಚ್ಚಿ, ಸೌಟು ಬೀಸಿ ಹೊರಗೆ ಹೋಗೆಂದು ಸನ್ನೆ ಮಾಡಿದಳು. ಅವನು ಹೋಗಲಿಲ್ಲ. ಹಿಡಿ ಹಿಡಿ ಉಪ್ಪು ತೆಗೆದು ಅವನ ಮುಖಕ್ಕೆ ಎರಚಿದಳು.

ಯಾರನ್ನಾದರೂ ಮಾನಸಿಕ ಆಸ್ಪತ್ರೆಗೆ ಸೇರಿಸಲು ಮನೆಯವರಿಬ್ಬರು ಒಪ್ಪಿ, ವೈದ್ಯರೊಬ್ಬರು ಹೂಂ ಎಂದರೆ ಸಾಕಾಗಿದ್ದ ಕಾಲ ಅದು. ಮಗನೂ ಸೊಸೆಯೂ ಒಪ್ಪಿದರು. ಮಧ್ಯಾಹ್ನದ ಹೊತ್ತಿಗೆ ಖಾಸಗಿ ಆಂಬುಲೆನ್ಸ್ ಬಂದಿತು. ನಾನು ಓಡಿಹೋಗಿ ಅಡ್ಡ ನಿಂತೆ.

"ಹುಚ್ಚಲ್ಲಪ್ಪಾ, ಜಾಂಗ್ ಹಾಕ್ತಿದಾಳೆ. ಪ್ರತಿ ವರ್ಷ ಹೀಗೇ."

ಅದರಿಂದ ಇಳಿದ ದಪ್ಪನೆಯ ಆಳೊಬ್ಬ ಕೇಳಿದ: "ನೀವು ಮನೆಯವರಾ ಅಜ್ಜಾ?"

"ಪಕ್ಕದ ಮನೆಯವನು."

"ಹಾಗಾದ್ರೆ ಸ್ವಲ್ಪ ಪಕ್ಕಕ್ಕೇ ಇರಿ."

ತೋಳು ಹಿಡಿದಾಗ ಮಕ್‌ಸುನ್ ಕಾಗದ ಕಿತ್ತೆಸೆದು ಬಯ್ಯತೊಡಗಿದಳು. "ಬಿಡ್ರೋ ಹಂದಿಗಳಾ! ಲೋ ಗಿಲ್‌ಸೊಪ್, ಹೆಣದ ಮನೆಯಿಂದ ಬಂದು ನನ್ನ ಜಾಡಿ ಮುಟ್ತೀಯಾ? ನಿನ್ನ ಬುದ್ಧಿಗೆ ಹುಳ ಬೀಳ!" ನಮ್ಮ ಊರಿಗೆ ಅದು ಮಕ್‌ಸುನ್ ಆಡುವ ದಿನನಿತ್ಯದ ಮಾತು. ಬಂದವರಿಗೆ ಅದೇ ಹುಚ್ಚಿನ ಸಾಕ್ಷಿಯಾಯಿತು.

ಆಸ್ಪತ್ರೆಯಲ್ಲಿ ಆಕೆ ನಡೆದುದನ್ನೆಲ್ಲ ಹೇಳಿದಳಂತೆ. ಎಳೆಯ ವೈದ್ಯ ತಲೆಯಾಡಿಸುತ್ತಾ ಕೇಳಿದನಂತೆ. ಕೂಗಿದ ದಿನವೆಲ್ಲ ಸೂಜಿ ಚುಚ್ಚಿದರು. ಮಗ ನೋಡಲು ಹೋದಾಗ ಬಯ್ದಳು; ರೋಗ ಇಳಿದಿಲ್ಲವೆಂದು ಹೇಳಿ ಅವನನ್ನು ಕಳುಹಿಸಿದರು. ಕಡೆಗೆ, ಅಲ್ಲಿ ಬಹುಕಾಲದಿಂದ ಇದ್ದ ಮುದುಕಿಯೊಬ್ಬಳು ಕಿವಿಮಾತು ಹೇಳಿದಳು: "ಸಿಟ್ಟು ಮಾಡ್ಕೋಬೇಡ ಕಣೇ ತಂಗಿ. ಕೊಟ್ಟಿದ್ದು ತಿನ್ನು, ಮಾತ್ರೆ ನುಂಗು, ಸ್ವಲ್ಪವೇ ನಗು. ಜಾಸ್ತಿ ನಕ್ರೂ ಬಿಡಲ್ಲ."

ಮಕ್‌ಸುನ್ ಕಲಿತಳು. ಬೇಸಗೆ ಕಳೆದ ಮೇಲೆ ಮನೆಗೆ ಬಿಟ್ಟರು.

ಉಂಡೆಗಳನ್ನು ಹೊತ್ತಿಗೆ ಸರಿಯಾಗಿ ಉಪ್ಪುನೀರಿನಿಂದ ಎತ್ತುವವರಿಲ್ಲದೆ ಜಾಡಿಗಳು ಹುಳಿತು ನಾರುತ್ತಿದ್ದವು. ಆಕೆ ಒಂದು ಮಾತೂ ಆಡದೆ ಎಲ್ಲವನ್ನೂ ಚೆಲ್ಲಿ ತೊಳೆದಿಟ್ಟಳು. ಗಿಲ್‌ಸೊಪ್ ನನ್ನ ಜಗಲಿಯಲ್ಲಿ ಬಂದು ಕುಳಿತ. "ಉಪ್ಪು ಯಾಕೆ ಎರಚಿದ್ಲು ಅಂತ ನಂಗೊತ್ತಿತ್ತು ಮೇಷ್ಟ್ರೇ. ಅಜ್ಜಿನೂ ಹಾಗೇ ಮಾಡ್ತಿದ್ಲು. ಆದ್ರೆ ಅಪ್ಪ ಹೋದ ವರ್ಷದ ಅವ್ವನ ಮುಖ ಕಣ್ಣಿಗೆ ಬಂದ್ಬಿಡ್ತು. ಭಯದಲ್ಲಿ ಬೇರೆ ಏನೂ ನೆನಪಾಗ್ಲಿಲ್ಲ." ಅವನೂ ಕೆಟ್ಟವನಲ್ಲ.

ಮಕ್‌ಸುನ್ ಈಗ ಬಂದರಿನ ಚಪ್ಪರದಲ್ಲಿ ಬೂತಾಯಿ ಮೀನು ಒಣಗಿಸಲು ಹೋಗುತ್ತಾಳೆ. ಮಧ್ಯಾಹ್ನ ಊರಿನ ಮುದುಕರು ಕೂಡುವ ಮನೆಯಲ್ಲಿ ಇಸ್ಪೀಟು ಆಡುತ್ತಾಳೆ. ಮೋಸ ಮಾಡಿದವರನ್ನು ಕಂಡೂ ಸುಮ್ಮನಿರುತ್ತಾಳೆ. ನಿದ್ದೆ, ಊಟ, ಆರೋಗ್ಯ ಎಲ್ಲ ಚೆನ್ನಾಗಿದೆ. ಹಬ್ಬಗಳಲ್ಲಿ ಮಗ ತಪ್ಪದೆ ಬರುತ್ತಾನೆ. ಹೋದ ಸುಗ್ಗಿ ಹಬ್ಬಕ್ಕೆ ಬಂದಾಗ ಕಾರನ್ನು ಹಿಂದಕ್ಕೆ ತೆಗೆಯುತ್ತಾ ಆಕೆಯ ಮೂಲಂಗಿ ಮಡಿಯ ಮೇಲೆಯೇ ಹಾಯಿಸಿಬಿಟ್ಟ. ಇಳಿದು ಬಂದು ತಾಯಿಯ ಮುಂದೆ ತಲೆ ತಗ್ಗಿಸಿ ನಿಂತ.

"ಅವ್ವಾ, ಒಂದ್ಸಲ ಬಯ್ಯವ್ವಾ. ನಿನ್ನ ಕಾಲು ಹಿಡ್ಕೋತೀನಿ."

ಮಕ್‌ಸುನ್ ಸ್ವಲ್ಪವೇ ನಕ್ಕಳು. "ಪರವಾಗಿಲ್ಲ ಬಿಡಪ್ಪಾ. ಒಳಗೆ ಬಾ, ಅನ್ನ ಆರುತ್ತೆ" ಎಂದು ಹೇಳಿ, ನುಜ್ಜಾದ ಗಿಡಗಳನ್ನು ಬುಟ್ಟಿಗೆ ಆಯ್ದುಕೊಳ್ಳತೊಡಗಿದಳು.