ಜೊಹರಕ್ಕ ಬೇಡ ಎಂದ ದಿನ

ಪ್ರಜ್ಞೆಯಿಲ್ಲದೆ ಮಲಗಿದ ರೋಗಿಗಳ ಜೊತೆ ಜೊಹರಕ್ಕ ಮೀನಿನ ಸುದ್ದಿ ಮಾತಾಡುತ್ತಿದ್ದರು. ಬಾಯಲ್ಲೊಂದು ನಳಿಗೆ, ಮೂಗಲ್ಲೊಂದು ನಳಿಗೆ ಇಟ್ಟುಕೊಂಡು ಕಣ್ಣುಮುಚ್ಚಿ ಬಿದ್ದಿರುವ ಮುದುಕರ ತುಟಿ ಒರೆಸುತ್ತಾ, ‘ಇವತ್ತು ಬಂಗುಡೆಯ ದರ ಕೇಳಿದರೆ ನಿಮಗೆ ಎಚ್ಚರ ಆಗ್ತದೆ ಅಣ್ಣೆರೇ, ಹಾಗಾಗಿ ಹೇಳುವುದಿಲ್ಲ’ ಅನ್ನುತ್ತಿದ್ದರು. ಹಿಂದೂಗಳಿಗೆ ತುಳುವಿನಲ್ಲಿ, ತಮ್ಮವರಿಗೆ ಬ್ಯಾರಿಯಲ್ಲಿ, ಯಾವ ಭಾಷೆಯವರೆಂದು ತಿಳಿಯದಿದ್ದರೆ ಶಾಲೆಯ ಕನ್ನಡದಲ್ಲಿ. ಬಿ.ಸಿ.ರೋಡಿನಲ್ಲಿ ಬಸ್ಸು ಎಷ್ಟು ಹೊತ್ತು ನಿಂತಿತು, ಸಿದ್ಧಕಟ್ಟೆಯಲ್ಲಿ ಕಂಡಕ್ಟರನಿಗೂ ಒಬ್ಬಳು ಅಜ್ಜಿಗೂ ಎಂತ ಜಗಳವಾಯಿತು, ಎಲ್ಲವನ್ನೂ ಅವರಿಗೆ ಒಪ್ಪಿಸಬೇಕು. ‘ಅವರಿಗೆ ಕೇಳ್ತದಾ ಜೊಹರಕ್ಕ?’ ಎಂದು ಮೊದಲ ವಾರವೇ ಕೇಳಿದ್ದೆ. ‘ಕೇಳ್ತದೋ ಇಲ್ಲವೋ, ಬೈಯುವುದಂತೂ ಇಲ್ಲ ಮಾರಾಯ್ತಿ. ನನ್ನ ಮಾತು ಇಷ್ಟು ಹೊತ್ತು ಕೇಳುವವರು ಮನೆಯಲ್ಲಿ ಯಾರೂ ಇಲ್ಲ’ ಎಂದಿದ್ದರು.

ಮೂಡುಬಿದಿರೆ ಹತ್ತಿರದ ಒಂದು ಕಾಲೇಜಿನಲ್ಲಿ ನಾವಿಬ್ಬರೂ ನರ್ಸ್ ಪ್ರಾಕ್ಟೀಷನರ್ ಎಂಬ ಸ್ನಾತಕೋತ್ತರ ಕೋರ್ಸಿಗೆ ಸೇರಿದ್ದೆವು. ನರ್ಸಿಂಗ್ ಮುಗಿಸಿ ತೀವ್ರ ನಿಗಾ ಘಟಕದಲ್ಲಿ ದುಡಿದವರು ಓದುವ ಕೋರ್ಸು ಅದು. ಪಾಠಕ್ಕಿಂತ ಆಸ್ಪತ್ರೆಯ ಕೆಲಸವೇ ಹೆಚ್ಚು. ಮುಗಿಸಿದವರು ಡಾಕ್ಟರರ ಹೇಳಿಕೆಗೆ ಕಾಯುವುದಷ್ಟೇ ಅಲ್ಲ, ಡಾಕ್ಟರರ ಜೊತೆ ಒಪ್ಪಿಕೊಂಡ ಮಿತಿಯೊಳಗೆ ತಾವೇ ರೋಗಿಯನ್ನು ಪರೀಕ್ಷಿಸಬೇಕು, ಔಷಧ ಹೆಚ್ಚು ಕಡಿಮೆ ಮಾಡಬೇಕು, ಮನೆಯವರಿಗೆ ಸ್ಥಿತಿ ವಿವರಿಸಬೇಕು, ಅಂದರೆ ತೀರ್ಮಾನ ಮಾಡಬೇಕು ಎಂಬುದು ಅದರ ಉದ್ದೇಶ. ನಾನು ಬೆಳುವಾಯಿಯವಳು, ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವಳು. ಪಾಣೆಮಂಗಳೂರಿನ ಜೊಹರಕ್ಕ ಎಲ್ಲರಿಗಿಂತ ದೊಡ್ಡವರು, ನಲವತ್ತು ದಾಟಿತ್ತು. ಗಲ್ಫಿನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದು ಬಂದವರು. ಅವರ ಗಂಡ ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡುವಾಗ, ‘ಎಲ್ಲರೂ ಮಗಳನ್ನು ಕಾಲೇಜಿಗೆ ಬಿಡ್ತಾರೆ, ನಾನು ಹೆಂಡತಿಯನ್ನು’ ಎಂದು ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರಂತೆ. ಆ ಮಾತಿನಲ್ಲಿದ್ದ ಹೆಮ್ಮೆ ಜೊಹರಕ್ಕನಿಗೆ ಗೊತ್ತಿತ್ತು.

ಈ ವಯಸ್ಸಿನಲ್ಲಿ ಏಕೆ ಓದಲು ಬಂದಿರಿ ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಕೇಳಿದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು.

‘ಅಲ್ಲಿ ಒಬ್ಬರು ರೋಗಿ ಇದ್ದರು ಸುಮಾ. ನಮ್ಮ ಕಡೆಯವರೇ, ಬೆಳ್ತಂಗಡಿಯವರು. ಬಿ.ಪಿ. ಇಳಿಯುತ್ತಾ ಇತ್ತು. ಡಾಕ್ಟರ್ ಬೇರೆ ಕಡೆ ಆಪರೇಷನ್‌ನಲ್ಲಿ. ಔಷಧ ಏರಿಸಬೇಕು, ನನಗೆ ಗೊತ್ತುಂಟು. ಆದರೆ ಏರಿಸಲಿಕ್ಕೆ ನನಗೆ ಹಕ್ಕಿಲ್ಲ. ಫೋನು ಮಾಡ್ತಾ ನಿಂತೆ. ಡಾಕ್ಟರದ್ದು ತಪ್ಪಲ್ಲ, ನನ್ನದೂ ತಪ್ಪಲ್ಲ. ಆದರೆ ಅವರು ಹೋದರು. ಆ ದಿನ ತೀರ್ಮಾನ ಮಾಡಿದೆ, ಇನ್ನು ಬರೀ ಕೈಕಟ್ಟಿ ನಿಲ್ಲುವ ಕೆಲಸ ನನಗೆ ಬೇಡ ಅಂತ.’

ಹಾಗೆ ಬಂದವರು ಓದಿದ್ದೂ ಹಾಗೆಯೇ. ತರಗತಿಯಲ್ಲಿ ಮೇಡಂ ಏನು ಹೇಳಿದರೂ ‘ಮತ್ತೆ?’ ಎಂದು ಕೇಳುತ್ತಿದ್ದರು. ಈ ಔಷಧ ಕೊಡಬೇಕು ಎಂದರೆ ‘ಮತ್ತೆ? ಅದರಿಂದ ಗುಣ ಕಾಣದಿದ್ದರೆ?’ ಕಾಣದಿದ್ದರೆ ಇನ್ನೊಂದು ಎಂದರೆ ಮತ್ತೊಮ್ಮೆ ‘ಮತ್ತೆ?’ ಕೊನೆಗೊಂದು ದಿನ ಮೇಡಂ ಸೋತು ನಕ್ಕು, ‘ಮತ್ತೆ ದೇವರು’ ಎಂದುಬಿಟ್ಟರು. ‘ಅದಕ್ಕಿಂತ ಮೊದಲು ಮನೆಯವರು ಇದ್ದಾರಲ್ಲ ಮೇಡಂ, ಅವರಿಗೆ ಎಂತ ಹೇಳುವುದು?’ ಎಂದರು ಜೊಹರಕ್ಕ. ತರಗತಿ ನಕ್ಕಿತು. ಅವರು ನಗಲಿಲ್ಲ.

ಜೊಹರಕ್ಕನ ಉಮ್ಮ, ಅಂದರೆ ತಾಯಿ, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಆ ಹೊಗೆಸೊಪ್ಪಿನ ಪುಡಿ, ಸೌದೆ ಒಲೆಯ ಹೊಗೆ ಎರಡೂ ಸೇರಿ ಶ್ವಾಸಕೋಶ ಪೂರ್ತಿ ಹಾಳಾಗಿತ್ತು. ನಾವು ಕೋರ್ಸಿಗೆ ಸೇರುವ ಮೊದಲು ಒಮ್ಮೆ ವೆಂಟಿಲೇಟರ್ ಹಾಕಿ ಬದುಕಿಸಿದ್ದರು. ಅದರಿಂದ ಹೊರಬಂದ ಮೇಲೆ ಉಮ್ಮ ಮಗಳನ್ನು ಹತ್ತಿರ ಕರೆದು, ‘ಇನ್ನೊಮ್ಮೆ ನನಗೆ ಆ ಪೈಪ್ ಹಾಕಿಸಬೇಡ. ಕೈಯನ್ನು ಮಂಚಕ್ಕೆ ಕಟ್ಟಿದ್ದರು. ಕರೆಯಲಿಕ್ಕೆ ಸ್ವರವೂ ಇರಲಿಲ್ಲ’ ಎಂದಿದ್ದರಂತೆ. ಆ ಮಾತು ನಡೆದಾಗ ಕೋಣೆಯಲ್ಲಿ ಇವರಿಬ್ಬರೇ. ಶಾರ್ಜಾದಲ್ಲಿದ್ದ ತಮ್ಮ ರಫೀಕನಿಗೆ ಉಮ್ಮ ಅದನ್ನು ಯಾವತ್ತೂ ಹೇಳಲಿಲ್ಲ. ಅವನ ಜೊತೆ ಫೋನಿನಲ್ಲಿ ಮಾತಾಡುವಾಗ ‘ನಾನು ಆರಾಮ ಇದ್ದೇನೆ’ ಎಂಬುದೊಂದೇ ಮಾತು.

ಎರಡನೆಯ ವರ್ಷದ ಮಳೆಗಾಲದಲ್ಲಿ ಉಮ್ಮನಿಗೆ ಉಸಿರು ಕಟ್ಟಿ, ನಾವು ತರಬೇತಿಯಲ್ಲಿದ್ದ ಆಸ್ಪತ್ರೆಗೇ ಕರೆತಂದರು. ಆ ಹೊತ್ತಿಗೆ ಐಸಿಯುನಲ್ಲಿ ನಾನಿದ್ದೆ. ಗಾಳಿ ತಳ್ಳುವ ಮಾಸ್ಕನ್ನು ಮುಖಕ್ಕೆ ಬಿಗಿದದ್ದೂ ನಾನೇ. ಮಧ್ಯಾಹ್ನದ ಹೊತ್ತಿಗೆ ಅದೂ ಸಾಲದಾಯಿತು. ಉಮ್ಮ ಮಂಪರಿಗೆ ಜಾರತೊಡಗಿದರು. ಡಾಕ್ಟರ್ ಜೊಹರಕ್ಕನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು: ‘ಸಿಸ್ಟರ್, ನಿಮಗೆ ನಾನು ವಿವರಿಸುವುದು ಬೇಡ. ಪೈಪ್ ಹಾಕಬಹುದು. ಹಾಕಿದರೆ ಕೆಲವು ದಿನ ಇರ್ತಾರೆ. ಆದರೆ ಈ ಸಲ ತೆಗೆಯಲಿಕ್ಕೆ ಆಗ್ತದೆ ಅಂತ ನನಗೆ ಕಾಣುವುದಿಲ್ಲ. ನೀವು ಹೇಳಿದ ಹಾಗೆ ಮಾಡುವ.’

ಅಷ್ಟರಲ್ಲಿ ರಫೀಕನ ಫೋನು. ಅವನು ಬ್ಯಾರಿಯಲ್ಲಿ ಕೂಗುತ್ತಿದ್ದದ್ದು ನನಗೂ ಕೇಳುತ್ತಿತ್ತು. ‘ಎಂತ ಬೇಕಾದರೂ ಮಾಡಿಸು. ನಾನು ಟಿಕೆಟ್ ಮಾಡ್ತಾ ಇದ್ದೇನೆ, ನಾಳೆ ಮುಟ್ಟುತ್ತೇನೆ.’ ಜೊಹರಕ್ಕ ‘ಬಾ’ ಎಂದಷ್ಟೇ ಹೇಳಿ ಫೋನು ಇಟ್ಟರು. ಉಮ್ಮನ ಕಿವಿಯ ಹತ್ತಿರ ಬಾಗಿ, ‘ಉಮ್ಮ, ರಫೀಕ್ ಬರ್ತಿದ್ದಾನೆ. ಅವನು ಬರುವ ತನಕ ಪೈಪ್ ಹಾಕುವುದಾ?’ ಎಂದು ಕೇಳಿದರು. ಉಮ್ಮ ಕಣ್ಣು ತೆರೆದು ಮಗಳನ್ನು ನೋಡಿದರು. ಉತ್ತರ ಹೇಳಲಿಲ್ಲ. ಹೇಳುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಜೊಹರಕ್ಕ ನೆಟ್ಟಗೆ ನಿಂತು, ಯಾರ ಮುಖವನ್ನೂ ನೋಡದೆ, ‘ಬೇಡ ಡಾಕ್ಟ್ರೇ’ ಎಂದರು.

ಅನಂತರ ಮಂಚದ ಪಕ್ಕ ಕುರ್ಚಿ ಎಳೆದು ಕುಳಿತವರು ಉಮ್ಮನ ಕೈಯನ್ನು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡರು. ಗುರುತು ಪರಿಚಯ ಇಲ್ಲದವರ ಕಿವಿಗೆಲ್ಲ ಊರಿನ ಸುದ್ದಿ ಸುರಿಯುತ್ತಿದ್ದ ಹೆಂಗಸು ಅಂದು ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಉಮ್ಮ ಹೋದರು. ಕಷ್ಟಪಡದೆ ಹೋದರು. ರಫೀಕ್ ವಿಮಾನ ನಿಲ್ದಾಣದಿಂದ ಪಾಣೆಮಂಗಳೂರು ತಲುಪುವಾಗ ದಫನ ಮುಗಿದಿತ್ತು.

ಕೆಲವು ದಿನ ಕಳೆದು ನಾನು ಅವರ ಮನೆಗೆ ಹೋದೆ. ರಫೀಕ್ ಜಗಲಿಯ ತುದಿಯಲ್ಲಿ ಕುಳಿತಿದ್ದ. ಜೊಹರಕ್ಕ ನನಗೆ ಚಾ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತರು. ನಾನು ಹೊರಗಿನವಳು ಇದ್ದೇನೆಂಬುದೂ ಅವನಿಗೆ ಲೆಕ್ಕಕ್ಕಿರಲಿಲ್ಲ.

‘ಪೈಪ್ ಹಾಕಿಸಿದ್ದರೆ ನಾನು ಬರುವ ತನಕ ಇರ್ತಿದ್ದರಾ, ಇಲ್ಲವಾ? ಅಷ್ಟು ಹೇಳು.’

ಇಲ್ಲ ಎಂದು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

‘ಇರ್ತಿದ್ದರು’ ಎಂದರು ಜೊಹರಕ್ಕ.

‘ಹಾಗಾದರೆ?’

‘ನಿನ್ನನ್ನು ನೋಡಲಿಕ್ಕೆ ಇರ್ತಿರಲಿಲ್ಲ ರಫೀಕ್. ನಿನಗೆ ನೋಡಲಿಕ್ಕೆ ಇರ್ತಿದ್ದರು. ಉಮ್ಮ ನನ್ನ ಹತ್ತಿರ ಬೇಡ ಅಂತ ಹೇಳಿದ್ದರು.’

‘ನಿನ್ನ ಹತ್ತಿರ ಹೇಳಿದ್ದು! ನನ್ನ ಹತ್ತಿರ ಹೇಳಲಿಲ್ಲ. ದೊಡ್ಡ ಓದು ಓದಿದವಳು ನೀನು, ನೀನೇ ತೀರ್ಮಾನ ಮಾಡಿದೆ.’

ಅವನು ಎದ್ದು ಚಪ್ಪಲಿ ಮೆಟ್ಟಿ ಹೋದ. ರಜೆ ಮುಗಿಯುವ ತನಕ ಹೆಂಡತಿಯ ಮನೆಯಲ್ಲಿದ್ದು, ಅಕ್ಕನಿಗೆ ಹೇಳದೆ ಶಾರ್ಜಾಕ್ಕೆ ಹಿಂತಿರುಗಿದ. ಉಮ್ಮ ಬೀಡಿ ಕಟ್ಟುತ್ತಾ ಕುಳಿತಾಗ ಅವನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವರು ಜೊಹರಕ್ಕನೇ. ನನ್ನ ಜೊತೆ ಬಸ್‌ಸ್ಟಾಪಿನವರೆಗೆ ಬಂದವರು ಒಂದೇ ಮಾತು ಹೇಳಿದರು. ‘ತೀರ್ಮಾನ ಮಾಡುವ ಹಕ್ಕು ಬೇಕು ಅಂತ ಕುಣಿದೆನಲ್ಲ ಸುಮಾ, ಸಿಕ್ಕಿತು.’

ಕೋರ್ಸನ್ನು ಅವರು ಬಿಡಲಿಲ್ಲ. ಆದರೆ ತರಗತಿಯಲ್ಲಿ ಆ ‘ಮತ್ತೆ?’ ನಿಂತುಹೋಯಿತು. ಒಂದು ದಿನ ಬೆಳ್ತಂಗಡಿ ಕಡೆಯ ಒಬ್ಬ ಕೃಷಿಕರ ತಾಯಿಗೆ ಅದೇ ಸ್ಥಿತಿ ಬಂತು. ಡಾಕ್ಟರ್ ಮಾತಾಡಿ ಹೋದ ಮೇಲೆ ಮನೆಯವರ ಜೊತೆ ಕುಳಿತು ಬಿಡಿಸಿ ಹೇಳುವ ಕೆಲಸ ಜೊಹರಕ್ಕನದಾಗಿತ್ತು. ಎಲ್ಲ ಕೇಳಿಸಿಕೊಂಡು ಆ ಮನುಷ್ಯ, ‘ನಿಮ್ಮ ತಾಯಿ ಆಗಿದ್ದರೆ ಎಂತ ಮಾಡ್ತಿದ್ದಿರಿ ಸಿಸ್ಟರ್?’ ಎಂದರು.

‘ನನ್ನ ತಾಯಿ ಬೇರೆ, ನಿಮ್ಮ ತಾಯಿ ಬೇರೆ. ಪೈಪ್ ಬೇಕು ಅಥವಾ ಬೇಡ ಅಂತ ಅವರು ಯಾವತ್ತಾದರೂ ಹೇಳಿದ್ದು ಉಂಟಾ?’

‘ಇಲ್ಲ.’

‘ಬರಬೇಕಾದವರು ಯಾರಾದರೂ ಇದ್ದಾರಾ?’

‘ತಂಗಿ ಮುಂಬೈಯಿಂದ ಹೊರಟಿದ್ದಾಳೆ.’

‘ಹಾಗಾದರೆ ಅವರು ಬರಲಿ ಅಂತ ನೀವು ಹೇಳಿದರೆ, ಅದೂ ತಪ್ಪಲ್ಲ’ ಎಂದರು ಜೊಹರಕ್ಕ.

ಪೈಪ್ ಹಾಕಿದರು. ತಂಗಿ ಬಂದು ತಾಯಿಯ ಕಾಲು ಹಿಡಿದು ಅತ್ತರು. ಆ ಅಜ್ಜಿ ಮತ್ತೆಯೂ ಹಲವು ದಿನ ಯಂತ್ರದ ಮೇಲೆ ನರಳಿ ಹೋದರು. ಮಂಚ ಖಾಲಿಯಾದ ಮಧ್ಯಾಹ್ನ ಜೊಹರಕ್ಕ ಹೊದಿಕೆ ಮಡಿಸುತ್ತಾ, ‘ಅದು ಸರಿಯಾ, ಇದು ಸರಿಯಾ, ನನಗೆ ಗೊತ್ತಾಗುವುದಿಲ್ಲ. ಪುಸ್ತಕದಲ್ಲಿ ಎರಡೂ ಉಂಟು’ ಎಂದರು.

ಇಬ್ಬರೂ ಪಾಸಾದೆವು. ಆದರೆ ನಾವು ಓದಿದ ಹೆಸರಿನ ಹುದ್ದೆ ಸುತ್ತಮುತ್ತ ಎಲ್ಲೂ ಇರಲಿಲ್ಲ. ಮೊದಲಿನ ಕೆಲಸವೇ, ಮೊದಲಿನ ಬಿಳಿ ಕೋಟೇ. ನಾನು ಅಲ್ಲೇ ಉಳಿದೆ. ಜೊಹರಕ್ಕ ಮಸ್ಕತ್ತಿನ ಒಂದು ಆಸ್ಪತ್ರೆಗೆ ಹೊರಟರು. ನಾನು ಅವರನ್ನು ಕೊನೆಯದಾಗಿ ಕಂಡದ್ದು ಬಿ.ಸಿ.ರೋಡಿನಲ್ಲಿ, ಗಂಡನ ಜೊತೆ ವಿಮಾನ ನಿಲ್ದಾಣದ ಕಾರಿಗೆ ಕಾಯುತ್ತಿದ್ದಾಗ. ಕೇಳಬಾರದಿತ್ತೋ ಏನೋ, ಕೇಳಿಬಿಟ್ಟೆ. ‘ಪುನಃ ಅದೇ ಸಂದರ್ಭ ಬಂದರೆ ಎಂತ ಹೇಳ್ತೀರಿ ಜೊಹರಕ್ಕ?’ ಬಸ್ಸುಗಳ ಹಾರ್ನು ನಿಲ್ಲುವ ತನಕ ಕಾದು ಹೇಳಿದರು. ‘ಬೇಡ ಅಂತಲೇ ಹೇಳ್ತೇನೆ. ಮತ್ತೆ ಹೀಗೇ ಇರ್ತೇನೆ.’

ಕಳೆದ ತಿಂಗಳು ರಜೆಯಲ್ಲಿ ಊರಲ್ಲಿದ್ದ ರಫೀಕ್ ನಮ್ಮ ಆಸ್ಪತ್ರೆಗೆ ಬಂದಿದ್ದ. ಯಾರನ್ನೋ ನೋಡಲು ಬಂದವನಂತೆ ಐಸಿಯು ಬಾಗಿಲಲ್ಲಿ ನಿಂತಿದ್ದವನು ನಾನು ಹೊರಬಂದ ಕೂಡಲೇ ಎದುರಾದ.

‘ಆ ದಿನ ನೀವು ಒಳಗೆ ಇದ್ದಿರಲ್ಲ ಸಿಸ್ಟರ್. ಉಮ್ಮನಿಗೆ ನೋವಿತ್ತಾ?’

‘ಇರಲಿಲ್ಲ.’

‘ಅಕ್ಕ?’

‘ಹಿಡಿದ ಕೈ ಬಿಡಲೇ ಇಲ್ಲ.’

ಅವನು ತಲೆಯಾಡಿಸಿದ. ಮೆಟ್ಟಿಲಿಳಿದು ಹೋದ.

ಸಂಜೆ ಮಸ್ಕತ್ತಿಗೆ, ಜೊಹರಕ್ಕನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಏನು ಕೇಳಿದ, ನಾನು ಏನು ಹೇಳಿದೆ, ಹೇಗೆ ಹೊರಟುಹೋದ, ಎಲ್ಲವನ್ನೂ.

‘ಸೊರಗಿದ್ದಾನಾ ಸುಮಾ?’ ಎಂದು ಕೇಳಿದರು.